ಹಡಗಿನ ಚೀಟಿಯಲ್ಲಿ ಗ್ದಾನ್ಸ್ಕ್, ಇಳಿಯುವುದು ಗ್ದಿನಿಯಾ

ಪ್ರಶ್ನೆ: ಜೂನ್‌ನಲ್ಲಿ ಅಪ್ಪ-ಅಮ್ಮನನ್ನು ಬಾಲ್ಟಿಕ್ ಕ್ರೂಸ್‌ಗೆ ಕರೆದೊಯ್ಯುತ್ತಿದ್ದೇನೆ. ಪೋಲೆಂಡ್‌ನ ಗ್ದಾನ್ಸ್ಕ್‌ನಲ್ಲಿ ಒಂದೇ ಹಗಲು. ಹಡಗಿನವರ ಟೂರ್ ದುಬಾರಿ. ನಾವೇ ಸುತ್ತಬಹುದೇ? ಇಬ್ಬರೂ ಶುದ್ಧ ಸಸ್ಯಾಹಾರಿಗಳು. ಅಮ್ಮನಿಗೆ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಪುರಾತನ ಮರದಂಟು) ಸರ ಬೇಕಂತೆ.

ಉತ್ತರ: ಧಾರಾಳವಾಗಿ ಸುತ್ತಬಹುದು. ಆದರೆ ದೊಡ್ಡ ಹಡಗುಗಳು ಸಾಮಾನ್ಯವಾಗಿ ನಿಲ್ಲುವುದು ಪಕ್ಕದ ಗ್ದಿನಿಯಾದಲ್ಲಿ. ಅಲ್ಲಿಂದ ಎಸ್‌ಕೆಎಂ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯ ಒಳಗೇ ಗ್ದಾನ್ಸ್ಕ್. ಟಿಕೆಟ್ ಮೇಲೆ ಸಮಯದ ಮುದ್ರೆ ಇಲ್ಲದಿದ್ದರೆ ನಿಲ್ದಾಣದ ಯಂತ್ರಕ್ಕೆ ತೂರಿಸಿ ಹಾಕಿಸಿಕೊಂಡೇ ಹತ್ತಿ.

ಇಳಿಯುವಾಗ ಜೋಪಾನ. ನಾನು ಬೋರ್ಡಿನಲ್ಲಿ ‘ಗ್ದಾನ್ಸ್ಕ್’ ಕಂಡದ್ದೇ ತಡ, ಬ್ಯಾಗೆತ್ತಿಕೊಂಡು ಇಳಿದೆ. ಅದು ಗ್ದಾನ್ಸ್ಕ್ ಓಲಿವಾ! ಝಾಸ್ಪಾ, ವ್ಝೆಶ್ಚ್, ಹೀಗೆ ಸಾಲಾಗಿ ಎಷ್ಟೋ ನಿಲ್ದಾಣಗಳ ಹೆಸರಿಗೂ ಮುಂದೆ ಗ್ದಾನ್ಸ್ಕ್ ಇದೆ. ನಿಮಗೆ ಬೇಕಾದದ್ದು ‘ಗ್ವೂವ್ನಿ’, ಅಂದರೆ ಮುಖ್ಯ ನಿಲ್ದಾಣ.

ಅಲ್ಲಿಂದ ನಡೆದೇ ಹೋಗಿ. ದ್ವುಗಿ ತಾರ್ಗ್ ಚೌಕ, ನೆಪ್ಚೂನ್ ಕಾರಂಜಿ, ಆಮೇಲೆ ಮೋತ್ವಾವಾ ನದಿದಂಡೆಯ ಮರದ ಕ್ರೇನ್. 15ನೇ ಶತಮಾನದ ಈ ಕ್ರೇನಿನ ಭಾರೀ ಚಕ್ರಗಳೊಳಗೆ ಆಳುಗಳು ನಡೆದು ನಡೆದೇ ಸರಕು ಎತ್ತುತ್ತಿದ್ದರು. ಸುತ್ತಲಿನ ‘ಹಳೆಯ’ ಮನೆಗಳಲ್ಲಿ ಬಹುಪಾಲು 1945ರಲ್ಲಿ ನೆಲಸಮವಾಗಿ ಆಮೇಲೆ ಮತ್ತೆ ಕಟ್ಟಿದವು, ನೋಡಿದರೆ ನಂಬುವುದು ಕಷ್ಟ. ಸಂತ ಮೇರಿ ಚರ್ಚಿನ ಗೋಪುರಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲು. ಅಪ್ಪ-ಅಮ್ಮ ಒಳಗೆ ಕೂತು 15ನೇ ಶತಮಾನದ್ದೇ ಖಗೋಳ ಗಡಿಯಾರ ನೋಡಲಿ, ನೀವು ಹತ್ತಿ ಬನ್ನಿ.

ಊಟಕ್ಕೆ ಪಿಯೆರೋಗಿ ರುಸ್ಕಿಯೆ ಕೇಳಿ: ಆಲೂಗಡ್ಡೆ, ಚೀಸ್ ತುಂಬಿದ ಕಡುಬು. ಮೇಲೆ ಹಂದಿಕೊಬ್ಬಿನ ಚೂರು ಉದುರಿಸುವುದುಂಟು, ‘ಬೆಜ್ ಸ್ಕ್ವಾರೆಕ್’ ಎಂದು ಮೊದಲೇ ಹೇಳಿಬಿಡಿ. ಹಣ ಯೂರೋ ಅಲ್ಲ, ಜ್ಲೋಟಿ. ಕಾರ್ಡ್ ಯಂತ್ರ ‘ನಿಮ್ಮ ದೇಶದ ಹಣದಲ್ಲೇ ಕೊಡುತ್ತೀರಾ?’ ಎಂದರೆ ಬೇಡ ಅನ್ನಿ, ಆ ದರ ಸಾಮಾನ್ಯವಾಗಿ ನಮಗೆ ನಷ್ಟವೇ. ಇನ್ನೊಂದು: ನೋಟು ಕೊಡುತ್ತಾ ‘ಜೆಂಕುಯೆ’ (ಧನ್ಯವಾದ) ಅಂದುಬಿಟ್ಟರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದು ಮಾಣಿ ತಿಳಿದಾನು.

ಅಂಬರ್‌ಗೆ ಮಾರಿಯಾಟ್ಸ್ಕಾ ಬೀದಿ. ಕಲ್ಲುಹಾಸಿನ ದಾರಿ, ಅಮ್ಮನಿಗೆ ಚಪ್ಪಲಿ ಬೇಡ, ಶೂ ಇರಲಿ. ನಮ್ಮಲ್ಲಿ ಇದಕ್ಕೆ ತೃಣಮಣಿ ಎಂಬ ಹೆಸರಿದೆ, ಉಜ್ಜಿದರೆ ಹುಲ್ಲುಕಡ್ಡಿ ಎಳೆಯುತ್ತದೆ. ಆದರೆ ಆ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ಕೂ ಪಾಸು! ಗಟ್ಟಿ ಉಪ್ಪುನೀರೇ ವಾಸಿ: ಅಂಬರ್ ತೇಲುತ್ತದೆ, ಗಾಜು ಮತ್ತು ಹಲವು ಪ್ಲಾಸ್ಟಿಕ್‌ಗಳು ಮುಳುಗುತ್ತವೆ. ಪ್ರಮಾಣಪತ್ರ ಕೊಡುವ ಅಂಗಡಿಯಲ್ಲೇ ಕೊಳ್ಳಿ. ನಾನು ಅಗ್ಗ ಎಂದು ದಾರಿಬದಿಯಲ್ಲಿ ಕೊಂಡ ಸರದ ಒಂದು ಬಿಡಿ ಮಣಿಯನ್ನು ರಾತ್ರಿ ಕ್ಯಾಬಿನ್‌ನಲ್ಲಿ, ಊಟದ ಮೇಜಿನಿಂದ ತಂದ ಉಪ್ಪಿನ ಪೊಟ್ಟಣಗಳನ್ನೆಲ್ಲ ಕದಡಿ, ಲೋಟಕ್ಕೆ ಬಿಟ್ಟೆ. ಅದು ಸೀದಾ ತಳಕ್ಕೆ ಹೋಗಿ ಕೂತಿತು. ಹಡಗು ಆಗಲೇ ಬಂದರು ಬಿಟ್ಟಿತ್ತು.