‘ನಿಮ್ಮ’ ಎಂದಿರುವುದನ್ನು ‘ನಿನ್ನ’ ಮಾಡಬೇಡಿ

ಪ್ರಿಯ ಸಹೋದರಿ,

‘ಭರವಸೆ’ ಎಂಬ ತಲೆಬರಹದಲ್ಲಿ, ಮನೆಗಳ ಸಂಜೆ ಪ್ರಾರ್ಥನೆಗೆಂದು ನೀವು ಬರೆದು ಕಳಿಸಿದ ಏಳು ದಿನಗಳ ಬೈಬಲ್ ಧ್ಯಾನ ತಲುಪಿತು. ಕಾಗುಣಿತ ಶುದ್ಧವಾಗಿದೆ, ಅಕ್ಷರ ಚೆನ್ನಾಗಿದೆ, ಆರನೆಯ ದಿನದ ಪ್ರಾರ್ಥನೆಯನ್ನು ಇದ್ದ ಹಾಗೆಯೇ ಅಚ್ಚಿಗೆ ಕೊಡಬಹುದು. ಆದರೆ ನಾಲ್ಕನೆಯ ದಿನದ್ದನ್ನು ಓದಿ ಸಂಕಟವಾಯಿತು. ಅದೊಂದರ ಬಗ್ಗೆಯೇ ಬರೆಯುತ್ತೇನೆ.

ನಿಮ್ಮ ಮೊದಲ ಸಾಲು: “ನಿನ್ನ ವಿಷಯದಲ್ಲಿ ನನ್ನ ಆಲೋಚನೆಗಳು ಹಿತವಾದವು ಎಂದು ದೇವರು ಇಂದು ನಿನಗೆ ಹೇಳುತ್ತಿದ್ದಾನೆ.” ಕೆಳಗೆ ಯೆರೆಮೀಯ 29:11 ಎಂದು, ಅಂದರೆ ಆ ಪ್ರವಾದಿಯ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವೆಂದು ಹಾಕಿದ್ದೀರಿ. ಸತ್ಯವೇದ (ಬೈಬಲ್) ತೆಗೆದು ನೋಡಿ, ಅಲ್ಲಿರುವುದು ‘ನಿಮ್ಮ’. ಮೂಲ ಹೀಬ್ರೂವಿನಲ್ಲೂ ಬಹುವಚನವೇ. ಇಂಗ್ಲಿಷಿನಲ್ಲಿ ಏಕವಚನ, ಬಹುವಚನ ಎರಡಕ್ಕೂ ಒಂದೇ ಪದ. ಅಲ್ಲಿಂದ ತಂದ ಧ್ಯಾನಗಳಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ. ನಮ್ಮ ‘ನಿಮ್ಮ’ ಒಬ್ಬರಿಗೇ ಕೊಡುವ ಮರ್ಯಾದೆಯೂ ಆಗಬಹುದಾದ್ದರಿಂದ, ಯಾರಿಗೆ ಹೇಳಿದ ಮಾತು ಎಂದು ಒಂದು ಸಾಲಿನಲ್ಲಿ ತಿಳಿಸಲೇಬೇಕು. ಅದು ಯೆರೆಮೀಯ ಯೆರೂಸಲೇಮಿನಿಂದ ಬಾಬೆಲಿಗೆ ಕಳಿಸಿದ ಕಾಗದ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಸೆರೆಹಿಡಿದು ಒಯ್ದ ಹಿರಿಯರು, ಯಾಜಕರು, ಪ್ರವಾದಿಗಳು, ಸಾಮಾನ್ಯ ಜನ, ಅಷ್ಟೂ ಮಂದಿಗೆ ಒಟ್ಟಿಗೆ ಬರೆದದ್ದು. 10ನೆಯ ವಚನದಲ್ಲಿ ಅವರು ಮರಳುವುದಕ್ಕೆ ಅವಧಿಯೂ ಇದೆ: 70 ವರ್ಷ. ಮೂವತ್ತರ ಪ್ರಾಯದಲ್ಲಿ ಆ ಕಾಗದ ಕೇಳಿಸಿಕೊಂಡವನು ಊರಿಗೆ ಮರಳುವ ದಿನವನ್ನು ಕಾಣುವುದು ಕಷ್ಟ. ಅವನ ಮೊಮ್ಮಕ್ಕಳು ಕಂಡಾರು. ಹತ್ತನೆಯ ವಚನವನ್ನು ಅಲ್ಲೇ ಬಿಟ್ಟು ಹನ್ನೊಂದನ್ನು ಮಾತ್ರ ಕಿತ್ತು ತಂದಿದ್ದೀರಿ.

ಎರಡನೆಯ ಸಾಲು: “ಈ ತಿಂಗಳು ಮುಗಿಯುವುದರೊಳಗೆ ನಿನ್ನ ಮಗುವಿನ ಕಾಯಿಲೆ ಗುಣವಾಗುತ್ತದೆ, ನಂಬಿದರೆ ಸಾಕು.” ಈ ವಾಯಿದೆ ನಿಮಗೆಲ್ಲಿ ಸಿಕ್ಕಿತು? ಹಿಂದಿನ ಅಧ್ಯಾಯ ಓದಿ. ಹನನ್ಯನೆಂಬ ಪ್ರವಾದಿಯೂ ದೇವಾಲಯದಲ್ಲಿ ನಿಂತು ಯೆಹೋವನ ಹೆಸರಿನಲ್ಲೇ ನುಡಿದ, ಎರಡು ವರ್ಷದೊಳಗೆ ಸೆರೆಹೋದವರೆಲ್ಲ ಮರಳುತ್ತಾರೆ ಎಂದು. ಬಾಬೆಲಿಗೆ ಅಧೀನರಾಗಿರಿ ಎಂಬುದರ ಗುರುತಾಗಿ ಯೆರೆಮೀಯ ಹೊತ್ತಿದ್ದ ನೊಗವನ್ನು ಅವನ ಕೊರಳಿನಿಂದ ತೆಗೆದು ಮುರಿದುಹಾಕಿದ. ಯೆರೆಮೀಯ ಮೊದಲು ‘ಆಮೆನ್’ ಎಂದದ್ದನ್ನು ಗಮನಿಸಿ. ಅವನ ಮನಸ್ಸಿಗೂ ಅದೇ ಬೇಕಿತ್ತು. ಆದರೂ ಅದು ದೇವರ ಮಾತಾಗಿರಲಿಲ್ಲ. ಐದನೆಯ ತಿಂಗಳಲ್ಲಿ ನುಡಿದ ಹನನ್ಯ ಏಳನೆಯ ತಿಂಗಳಲ್ಲಿ ತೀರಿಹೋದ. ನಿಮ್ಮ ಪುಟದ ಮೇಲಿರುವುದು ಯೆರೆಮೀಯನ ಹೆಸರು, ಒಳಗಿರುವುದು ಹನನ್ಯನ ಮಾತು.

ಈ ಪುಟ ಹೋಗುವ ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಸರಗೋಡಿನ ಎಣ್ಮಕಜೆಯ ಕಡೆ, 2000ದ ವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಲ್ಲಿ, ಬೆಳೆದ ಮಕ್ಕಳನ್ನು ಇಂದಿಗೂ ಎತ್ತಿ ಮೀಯಿಸಿ ಉಣ್ಣಿಸುವ ತಾಯಂದಿರಿದ್ದಾರೆ. ಅಂಥ ತಾಯಿ ಒಬ್ಬಳು ಸಂಜೆ ಪ್ರಾರ್ಥನೆಗೆ ಕೂತು ನಿಮ್ಮ ಈ ಸಾಲನ್ನು ಓದಿದಳೆನ್ನಿ. ತಿಂಗಳು ಕಳೆಯುತ್ತದೆ, ಮಗು ಹಾಗೆಯೇ ಇರುತ್ತದೆ. ಆಗ ನಿಮ್ಮ ‘ನಂಬಿದರೆ ಸಾಕು’ ತಪ್ಪನ್ನು ಅವಳ ತಲೆಗೇ ಕಟ್ಟುತ್ತದೆ. ಇದನ್ನು ನಾನು ಅಚ್ಚು ಹಾಕಲಾರೆ.

ಮೂರನೆಯ ಸಾಲೂ ಅದೇ ದಾರಿಯದು: “ಚಿಂತೆ ಇದ್ದಲ್ಲಿ ಭರವಸೆ ಇರದು.” ಹದಿಮೂರನೆಯ ಕೀರ್ತನೆಯಲ್ಲಿ ಇರುವುದೇ ಆರು ವಚನ. ಮೊದಲ ಎರಡರಲ್ಲಿ ‘ಎಷ್ಟರ ವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ. ಭರವಸೆಯ ಮಾತು ಬರುವುದು ಐದನೆಯದರಲ್ಲಿ, ಅದೇ ಬಾಯಿಂದ. ನಿಮ್ಮ ಸಾಲನ್ನು ಒಪ್ಪಿದರೆ ಆ ಕೀರ್ತನೆಯನ್ನೇ ಹರಿದು ತೆಗೆಯಬೇಕಾಗುತ್ತದೆ. ಸಾಲು ಹೊಡೆದುಹಾಕಿ.

ನಾನು ಈ ಕೆಲಸ ಕಲಿಯುವಾಗ ಹಿರಿಯ ಸಂಪಾದಕರದ್ದು ಒಂದೇ ಕಟ್ಟಳೆ: ಒಂದು ವಚನದ ಮೇಲೆ ಬರೆಯುವ ಮೊದಲು ಇಡೀ ಅಧ್ಯಾಯವನ್ನು ಕೈಯಲ್ಲಿ ನಕಲು ಮಾಡಬೇಕು. ಅಂಚಿನಲ್ಲಿ ಮೂರು ಉತ್ತರ ಗುರುತಿಸಬೇಕು. ಯಾರು ಯಾರಿಗೆ ಹೇಳಿದ್ದು, ಯಾವ ಹೊತ್ತಿನಲ್ಲಿ, ಹಿಂದಿನ ಮುಂದಿನ ವಚನಗಳಲ್ಲಿ ಏನಿದೆ. ಯೆರೆಮೀಯ 29ರಲ್ಲಿ 32 ವಚನ. ಒಂದು ಸಂಜೆಯ ಕೆಲಸ. ಕಣ್ಣು ಹಾಯಿಸಿ ಓದುವಾಗ ದಾಟಿಹೋಗುವುದು ನಕಲು ಮಾಡುವಾಗ ಕೈಗೆ ಸಿಗುತ್ತದೆ. ಐದನೆಯ ವಚನಕ್ಕೆ ಬಂದಾಗ ನಿಮಗೂ ಸಿಗಲಿದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ. ಏಳರಲ್ಲಿ, ನೀವು ಸೆರೆಯಿರುವ ಆ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿ ಎಂದಿದೆ.

ನಿಮ್ಮ ಧ್ಯಾನಕ್ಕೆ ಬೇಕಾದ ಉದಾಹರಣೆ ಇಲ್ಲೇ ಇತ್ತು. ನೀವು ಹಿಮ ಕರಗಲೆಂದು ಕಾಯುವ ಗೋಧಿ ರೈತನನ್ನು ತಂದಿರಿ. ನಮ್ಮ ಕುಂಬಳೆಯಲ್ಲಿ ಹಿಮ ಕಂಡವರು ಯಾರು? ಅಡಿಕೆ ಸಸಿ ನೆಟ್ಟವನು ಫಲಕ್ಕೆ ಐದಾರು ವರ್ಷ ಕಾಯುತ್ತಾನೆ. ಕೊಳೆರೋಗ ಬಾರದಿರಲಿ ಎಂದು ಮೊಣಕಾಲೂರುವವನೇ ಮಳೆ ಹಿಡಿಯುವ ಮೊದಲು 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ಮದ್ದು ಮಾಡಿ ಗೊನೆಗೊನೆಗೂ ಬಿಡುತ್ತಾನೆ. 40–45 ದಿನಕ್ಕೆ ಇನ್ನೊಮ್ಮೆ. ಬಾಬೆಲಿನಲ್ಲಿ ಸೆರೆಯಿದ್ದವರಿಗೆ ಹೇಳಿದ ಭರವಸೆ ಈ ಜಾತಿಯದು. ಇದನ್ನು ಬರೆದರೆ ನಮ್ಮ ಓದುಗರಿಗೆ ವಿವರಣೆಯೇ ಬೇಡ.

ತಿದ್ದುವಾಗ ಹೀಗೆ ಮಾಡಿ. ಓದಬೇಕಾದ ಭಾಗ 29:4–11 ಎಂದು ಹಾಕಿ, ಒಂದೇ ವಚನ ಬೇಡ. ಧ್ಯಾನ 200 ಪದ ದಾಟದಿರಲಿ, ಗಟ್ಟಿಯಾಗಿ ಓದಿದರೆ ಎರಡು ನಿಮಿಷದಲ್ಲಿ ಮುಗಿಯಬೇಕು. ಅನೇಕ ಮನೆಗಳಲ್ಲಿ ಓದುವುದು ಮಕ್ಕಳು, ಅದರಲ್ಲೂ ಮಲಯಾಳ ಮಾಧ್ಯಮದಲ್ಲಿ ಕಲಿತು ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಒಂದು ವಾಕ್ಯಕ್ಕೆ ಹತ್ತು ಹನ್ನೆರಡು ಪದ ಸಾಕು. ಪ್ರಾರ್ಥನೆ ಮೂರು ವಾಕ್ಯ, ಅದರಲ್ಲಿ ‘ನನ್ನ’ ಬೇಡ, ‘ನಮ್ಮ’ ಇರಲಿ, ಮನೆಯವರೆಲ್ಲ ಸೇರಿ ಹೇಳುವಂಥದ್ದು. ಶುರು ಮಾಡಲು ತೋಚದಿದ್ದರೆ ಈ ಸಾಲನ್ನು ಇಟ್ಟುಕೊಳ್ಳಿ: “ಊರು ಕಳೆದುಕೊಂಡು ಬಾಬೆಲಿನಲ್ಲಿದ್ದ ಜನರಿಗೆ ಒಂದು ಕಾಗದ ಬಂತು.”

ನಾಲ್ಕನೆಯ ದಿನದ್ದನ್ನು ಮಾತ್ರ ಹೊಸದಾಗಿ ಬರೆದು ಕಳಿಸಿ. ಅಂಚಿನ ಮೂರು ಉತ್ತರಗಳಿರುವ ನಕಲು ಪ್ರತಿಯೂ ಜೊತೆಗಿರಲಿ.