ತೂಕ ನನ್ನದು ಹೆಚ್ಚು, ಫ್ಯಾಟಿ ಲಿವರ್ ಮಾತ್ರ ಅವರಿಗೆ

ಪ್ರಶ್ನೆ: ನನಗೆ 46 ವರ್ಷ, ಎತ್ತರ 155 ಸೆಂ.ಮೀ., ತೂಕ 71 ಕೆ.ಜಿ. ನಮ್ಮ ಯಜಮಾನರಿಗೆ 49 ವರ್ಷ, 168 ಸೆಂ.ಮೀ. ಎತ್ತರ, 69 ಕೆ.ಜಿ. ತೂಕ. ಅವರ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಸ್ಕ್ಯಾನಿಂಗ್ ಮಾಡಿಸಿದಾಗ ಅವರಿಗೆ ಫ್ಯಾಟಿ ಲಿವರ್ ಗ್ರೇಡ್ 2 ಎಂದು ಬಂದಿದೆ, ನನಗೆ ಏನೂ ಇಲ್ಲ. ಅವರು ಕುಡಿಯುವವರಲ್ಲ, ಎಣ್ಣೆ, ತುಪ್ಪವನ್ನೂ ಬಿಟ್ಟಿದ್ದಾರೆ. ಹೀಗೇಕೆ? ನಾನು ನಿಶ್ಚಿಂತೆಯಿಂದ ಇರಬಹುದೇ?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ದೇಹದಲ್ಲಿ ಎಷ್ಟು ಕೊಬ್ಬಿದೆ ಎಂಬುದಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ಲಿವರ್‌ಗೆ ಹೆಚ್ಚು ಮುಖ್ಯ. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಪ್ರಭಾವದಿಂದ ಹೆಂಗಸರ ಕೊಬ್ಬು ಬಹುಪಾಲು ಸೊಂಟ, ತೊಡೆಗಳ ಚರ್ಮದಡಿಯಲ್ಲಿ ಶೇಖರವಾಗುತ್ತದೆ ಮತ್ತು ಅಲ್ಲಿಂದ ಸುಲಭವಾಗಿ ಕದಲುವುದಿಲ್ಲ. ಗಂಡಸರಲ್ಲಿ ಅದು ಹೊಟ್ಟೆಯ ಒಳಗೆ, ಕರುಳಿನ ಸುತ್ತ ಸೇರುವುದು ಹೆಚ್ಚು. ಈ ಒಳಕೊಬ್ಬಿನಿಂದ ಕರಗಿ ಬರುವ ಕೊಬ್ಬಿನಾಮ್ಲಗಳು, ಕರುಳಿನ ರಕ್ತವನ್ನು ಹೊತ್ತೊಯ್ಯುವ ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಲಿವರನ್ನು ತಲುಪುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಈ ಹರಿವು ಇನ್ನಷ್ಟು ಹೆಚ್ಚುತ್ತದೆ.

ಎಣ್ಣೆ, ತುಪ್ಪ ಬಿಟ್ಟರೂ ಫಲ ಸಿಗದಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಲಿವರ್‌ನಲ್ಲಿ ಸೇರುವ ಕೊಬ್ಬಿನ ದೊಡ್ಡ ಪಾಲು ದೇಹದ ಸ್ವಂತ ದಾಸ್ತಾನಿನಿಂದಲೇ ಬರುತ್ತದೆ. ಇನ್ನೊಂದು ಪಾಲನ್ನು ಲಿವರ್ ಸಕ್ಕರೆ ಮತ್ತು ಪಿಷ್ಟದಿಂದ ತಾನೇ ತಯಾರಿಸುತ್ತದೆ. ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ ಎರಡು ಹೊತ್ತೂ ತಟ್ಟೆ ತುಂಬ ಬಿಳಿ ಅನ್ನ, ನಡುನಡುವೆ ಸಕ್ಕರೆ ಹಾಕಿದ ಚಹಾ, ಸಂಜೆ ಮಂಡಾಳು, ಮಿರ್ಚಿ ಭಜಿ ಎಂಬ ಕ್ರಮವಿದ್ದರೆ, ಮೊದಲು ಕಡಿಮೆಯಾಗಬೇಕಾದದ್ದು ಸಕ್ಕರೆ, ಆಮೇಲೆ ಅನ್ನದ ಪ್ರಮಾಣ. ಒಂದು ಹೊತ್ತು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಉಂಡರೆ ಒಳ್ಳೆಯದು. ಆದರೆ ರೊಟ್ಟಿಯೆಂದು ಲೆಕ್ಕವಿಲ್ಲದೆ ತಿನ್ನುವಂತಿಲ್ಲ.

ತಕ್ಕಡಿಯ ಜೊತೆಗೆ ಅಳತೆ ಟೇಪನ್ನೂ ಬಳಸಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುವೆ ಟೇಪನ್ನು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಳೆಯಬೇಕು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಏಕೆಂದರೆ ಹೊಟ್ಟೆ ಬಂದವರು ಪ್ಯಾಂಟನ್ನು ಅದರ ಕೆಳಗೆ ಕಟ್ಟುತ್ತಾರೆ.

ನೀವು ನಿಶ್ಚಿಂತೆಯಿಂದ ಇರಬಹುದು ಎಂದು ನಾನು ಹೇಳಲಾರೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿದಂತೆ, ತೂಕ ಹೆಚ್ಚದಿದ್ದರೂ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ, ಮತ್ತು ಆ ವಯಸ್ಸಿನ ನಂತರ ಹೆಂಗಸರಿಗೆ ಗಂಡಸರಿಗಿಂತ ಇದ್ದ ಅನುಕೂಲ ಉಳಿಯುವುದಿಲ್ಲ. ಸಾಧಾರಣ ಸ್ಕ್ಯಾನಿಂಗ್‌ಗೆ ಅಲ್ಪ ಪ್ರಮಾಣದ ಕೊಬ್ಬು ಕಾಣದೆ ಹೋಗುವುದೂ ಉಂಟು. ನಿಮ್ಮ ಎತ್ತರಕ್ಕೆ 71 ಕೆ.ಜಿ. ಹೆಚ್ಚೇ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಹಾಳಾಗಬಾರದೆಂದು ಉಣ್ಣುವವರು ನೀವೇ ಆಗಿದ್ದರೆ, ದಯವಿಟ್ಟು ಅದನ್ನು ಈಗಲೇ ನಿಲ್ಲಿಸಿ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ.

ಯಜಮಾನರು ತಮ್ಮ ತೂಕದಲ್ಲಿ ಶೇ. 5ರಷ್ಟು, ಅಂದರೆ ಸುಮಾರು ಮೂರೂವರೆ ಕಿಲೋ ಇಳಿಸಿದರೂ ಲಿವರ್‌ನ ಕೊಬ್ಬು ಕರಗತೊಡಗುತ್ತದೆ. ಉರಿಯೂತ ಇದ್ದರೆ ಶೇ. 7ರಿಂದ 10ರಷ್ಟು ಇಳಿಸಬೇಕಾಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಬೇಕು. ನಮ್ಮ ಬೇಸಿಗೆಯಲ್ಲಿ ಅದು ಹೊತ್ತೇರುವ ಮುನ್ನವೇ ಮುಗಿಯಬೇಕು. ಲಿವರ್ ಟಾನಿಕ್ಕುಗಳಿಂದ ಈ ಕೊಬ್ಬು ಹೋಗುವುದಿಲ್ಲ, ಕೆಲವು ನಾಟಿ ಔಷಧಿಗಳು ಲಿವರ್‌ಗೇ ಪೆಟ್ಟು ಕೊಡುತ್ತವೆ.

ಗ್ರೇಡ್ 2 ಎಂಬುದು ಕೊಬ್ಬಿನ ಪ್ರಮಾಣವನ್ನಷ್ಟೇ ಸೂಚಿಸುತ್ತದೆ. ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದು ಅದರಿಂದ ತಿಳಿಯದು. ರಕ್ತದಲ್ಲಿ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳ ಮತ್ತು ಪ್ಲೇಟ್‌ಲೆಟ್‌ಗಳ ಪರೀಕ್ಷೆ ಮಾಡಿಸಿ, ವಯಸ್ಸನ್ನೂ ಸೇರಿಸಿ ‘ಫಿಬ್-4’ ಅಂಕ ಲೆಕ್ಕ ಹಾಕಿಕೊಡಲು ವೈದ್ಯರನ್ನು ಕೇಳಿ. ಅದು 1.3ಕ್ಕಿಂತ ಕಡಿಮೆಯಿದ್ದರೆ ಗಂಭೀರ ಹಾನಿಯ ಸಂಭವ ಕಡಿಮೆ. ಹೆಚ್ಚಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾಗಬಹುದು.