ನೀರಿನ ಬಿಲ್ ದುಪ್ಪಟ್ಟಾಯಿತಾ? ಮೀಟರ್ ಬಿಡಿ, ಟ್ಯಾಂಕ್ ಅಳೆಯಿರಿ

ನಲ್ಲಿ ಎಲ್ಲ ಮುಚ್ಚಿದರೆ ಮೀಟರ್ ನಿಲ್ಲುತ್ತೆ, ಆದರೂ ಬಿಲ್ ದುಪ್ಪಟ್ಟು ಬಂದಿದೆ, ಹೊಸ ಮೀಟರ್ ಹಾಕಿಸಲಾ ಅಂತ ಕೇಳಿದ್ದೀರಿ. ಹಾಕಿಸಬೇಡಿ. ನಾನೂ ಇದೇ ಪರೀಕ್ಷೆ ಮಾಡಿದ್ದೆ. ಮೀಟರ್ ಕೆಟ್ಟಿದೆ ಅಂತ ತೀರ್ಮಾನಿಸಿ ಅದರ ತಪಾಸಣೆಗೆ ದುಡ್ಡೂ ಕಟ್ಟಿದೆ. ಮೀಟರ್ ಸರಿಯಾಗಿಯೇ ಇತ್ತು. ಅಷ್ಟು ದಿನವೂ ನೀರು ಹೋಗುತ್ತಲೇ ಇತ್ತು.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ನಿಮ್ಮ ಮನೆಯಲ್ಲೂ ಕೆಳಗೆ ಸಂಪು, ಮೇಲೆ ಟ್ಯಾಂಕ್, ನಡುವೆ ಮೋಟರ್ ಇದೆ ಅಂತ ಬರೆದಿದ್ದೀರಿ ಅಲ್ವಾ? ಹೊರಗಿನ ಪೈಪಿನ ನೀರು ಮೀಟರ್ ದಾಟಿ ಸಂಪಿಗೆ ಬೀಳುತ್ತದೆ, ಅಷ್ಟೇ. ಮನೆಯ ನಲ್ಲಿಗಳಿಗೆ ನೀರು ಬರುವುದು ಮೇಲಿನ ಟ್ಯಾಂಕಿನಿಂದ. ಹಾಗಾಗಿ ಅಡುಗೆಮನೆಯ ನಲ್ಲಿ ಬಿಟ್ಟರೂ ಮುಚ್ಚಿದರೂ ಆ ಹೊತ್ತಿನಲ್ಲಿ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಸಂಪು ತುಂಬಿ ಬಾಲ್ ವಾಲ್ವ್ (ನೀರಿನ ಮೇಲೆ ತೇಲುವ ಚೆಂಡು ಏರಿದಾಗ ನೀರು ನಿಲ್ಲಿಸುವ ವಾಲ್ವ್) ಮುಚ್ಚಿಕೊಂಡರೆ ಮೀಟರ್ ನಿಲ್ಲುತ್ತದೆ. ನಾನು ನೋಡಿದ್ದು ಅಂಥ ಹೊತ್ತಿನಲ್ಲೇ. ಮುಳ್ಳು ನಿಂತಿದೆ, ಅಂದರೆ ಮನೆಯಲ್ಲಿ ಸೋರಿಕೆ ಇಲ್ಲ ಅಂದುಕೊಂಡೆ. ಸೋರಿಕೆ ಇಲ್ಲದೆ ಬಿಲ್ ಏರಿದೆ, ಅಂದರೆ ಮೀಟರ್ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಮೊದಲನೆಯದು ತಪ್ಪಾದ್ದರಿಂದ ಎರಡನೆಯದೂ ತಪ್ಪಾಯಿತು. ಮೇಲೆ ಸೋರಿದ ನೀರನ್ನು ಮೋಟರ್ ತುಂಬಿಸಿಕೊಡುತ್ತದೆ. ಆಗ ಸಂಪಿನ ಮಟ್ಟ ಇಳಿಯುತ್ತದೆ, ಬಾಲ್ ವಾಲ್ವ್ ತೆರೆಯುತ್ತದೆ, ಮೀಟರ್ ಓಡುತ್ತದೆ. ಇದೆಲ್ಲ ಆಗುವುದು ಎಷ್ಟೋ ಗಂಟೆಗಳ ನಂತರ. ನಮ್ಮ ಮೋಟರ್ ತಾನಾಗಿಯೇ ಶುರುವಾಗಿ ನಿಲ್ಲುವಂಥದ್ದು, ಹಾಗಾಗಿ ಅದು ಜಾಸ್ತಿ ಓಡುತ್ತಿದೆ ಅಂತಲೂ ಯಾರಿಗೂ ಗೊತ್ತಾಗಲಿಲ್ಲ.

ನಲ್ಲಿ ಮುಚ್ಚಿ ಮೀಟರ್ ನೋಡುವ ಪರೀಕ್ಷೆ ಹೊರಗಿನ ಪೈಪಿನಿಂದ ನೇರವಾಗಿ ನಲ್ಲಿಗೆ ನೀರು ಬರುವ ಮನೆಗಳಿಗೆ ಸರಿ. ನಮ್ಮಂಥ ಮನೆಗಳಿಗೆ ಅಲ್ಲ.

ದುಡ್ಡು ಹೋಗಿದ್ದಕ್ಕಿಂತ ನನಗೆ ಇವತ್ತಿಗೂ ಬೇಜಾರಾಗುವುದು ಬೇರೆ ವಿಷಯಕ್ಕೆ. ಆ ತಿಂಗಳುಗಳಲ್ಲಿ ಮನೆಯವರನ್ನೆಲ್ಲ ಬೈದಿದ್ದೆ. ಅಮ್ಮ ನಲ್ಲಿಯನ್ನು ಸಣ್ಣ ಎಳೆಯಷ್ಟೇ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು. ಅವರು ಬಳಸುವ ನೀರು ಮೊದಲೂ ಜಾಸ್ತಿ ಇರಲಿಲ್ಲ. ಅಳೆಯದೆ ಯಾರನ್ನೂ ದೂರಬೇಡಿ.

ಇನ್ನು ನಿಮ್ಮ ಬಿಲ್. ಮೊತ್ತವನ್ನು ಮೊತ್ತದ ಜೊತೆ ಹೋಲಿಸಬೇಡಿ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ತಾರೀಖು, ಇಷ್ಟು ನೋಡಿ. ಹೆಚ್ಚಿನ ಮೀಟರ್‌ಗಳಲ್ಲಿ ಕಪ್ಪು ಅಂಕಿಗಳು ಕ್ಯೂಬಿಕ್ ಮೀಟರ್ ಲೆಕ್ಕ, ಕೆಂಪು ಅದರ ಭಾಗಗಳು. 1 ಕ್ಯೂಬಿಕ್ ಮೀಟರ್ ಅಂದರೆ 1 ಕಿಲೋಲೀಟರ್, ಅಂದರೆ 1,000 ಲೀಟರ್. ವ್ಯತ್ಯಾಸವನ್ನು ದಿನಗಳಿಂದ ಭಾಗಿಸಿದರೆ ದಿನದ ಬಳಕೆ ಬರುತ್ತದೆ. ಮೀಟರ್ ಓದದೆ ಸರಾಸರಿ ಬಿಲ್ ಹಾಕಿದ್ದಾರಾ ಅಂತಲೂ ನೋಡಿ. ಹಾಗೆ ಹಾಕಿ ಕೊನೆಗೊಮ್ಮೆ ಓದಿದಾಗ ಹಳೆಯ ಬಾಕಿ ಎಲ್ಲ ಒಂದೇ ಬಿಲ್‌ನಲ್ಲಿ ಬಂದು ಬೀಳುತ್ತದೆ. ಸ್ಲ್ಯಾಬ್ ಇದ್ದರೆ ಮೇಲಿನ ಯೂನಿಟ್‌ಗಳಿಗೆ ದರ ಜಾಸ್ತಿ. ಒಳಚರಂಡಿ ಶುಲ್ಕವನ್ನೂ ನೀರಿನ ಲೆಕ್ಕದ ಮೇಲೇ ಹಾಕುವುದಿದ್ದರೆ ಅದೂ ಏರುತ್ತದೆ. ಬಿಲ್ ದುಪ್ಪಟ್ಟಾಗಲು ಬಳಕೆ ದುಪ್ಪಟ್ಟಾಗಬೇಕಿಲ್ಲ.

ಇನ್ನೊಂದು ಮಾತು. ಒಳಗೆ ಚಕ್ರ ತಿರುಗುವ ಹಳೆಯ ಮೀಟರ್ ಸವೆದರೆ ಸಾಮಾನ್ಯವಾಗಿ ನಿಧಾನವಾಗುತ್ತದೆ, ಕಮ್ಮಿ ತೋರಿಸುತ್ತದೆ. ಆಗಾಗ ಮಾತ್ರ ನೀರು ಬಿಡುವ ಕಡೆ, ಖಾಲಿ ಪೈಪಿನ ಗಾಳಿ ನುಗ್ಗಿ ಮುಳ್ಳು ಸುಮ್ನೆ ತಿರುಗುವುದುಂಟು. ಅದು ನಿಜವಾದ ತೊಂದರೆಯೇ. ಆದರೆ ಗಾಳಿಯನ್ನು ದೂರುವ ಮೊದಲು ಟ್ಯಾಂಕ್ ನೋಡಿ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೋಟರ್ ಆಫ್ ಮಾಡಿ. ಮೇಲಿನ ಟ್ಯಾಂಕಿಗೆ ಒಣ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಮತ್ತೆ ಅಳೆಯಿರಿ. 1 ಮೀಟರ್ ಅಡ್ಡಳತೆಯ ದುಂಡು ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿದರೆ ಸುಮಾರು 8 ಲೀಟರ್ ಹೋಗಿದೆ ಅಂತ ಅರ್ಥ. ಚೌಕ ಟ್ಯಾಂಕಾದರೆ ಉದ್ದ, ಅಗಲ, ಇಳಿದ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿ. ನಮ್ಮ 1 ಮೀಟರ್ ದುಂಡು ಟ್ಯಾಂಕಿನಲ್ಲಿ 8 ಗಂಟೆಯಲ್ಲಿ ಸುಮಾರು 11 ಸೆಂಟಿಮೀಟರ್ ಇಳಿದಿತ್ತು. ಹತ್ತಿರ ಹತ್ತಿರ 86 ಲೀಟರ್. ದಿನಕ್ಕೆ 258, ತಿಂಗಳಿಗೆ 7,700 ಲೀಟರ್ ದಾಟುತ್ತದೆ. ಯಾವ ನಲ್ಲಿಯಲ್ಲೂ ಒಂದು ಹನಿ ಕಾಣುತ್ತಿರಲಿಲ್ಲ!

ಹೋಗುತ್ತಿದ್ದದ್ದು ಕಮೋಡಿನಲ್ಲಿ. ಫ್ಲಶ್ ಟ್ಯಾಂಕಿನ ತಳದ ರಬ್ಬರ್ ಸವೆದಿತ್ತು. ಈ ಸೋರಿಕೆಗೆ ಸದ್ದಿಲ್ಲ, ನೆಲವೂ ಒದ್ದೆಯಾಗುವುದಿಲ್ಲ, ನೇರವಾಗಿ ಒಳಚರಂಡಿಗೆ ಹೋಗುತ್ತದೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ರಬ್ಬರ್ ಬದಲಿಸಿ. ಹಾಗೆಯೇ ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ನೀರು ಒಂದು ಇಂಚಿನಷ್ಟು ಕೆಳಗಿರಬೇಕು. ಬಾಯಿವರೆಗೆ ಬಂದಿದ್ದರೆ ಫ್ಲೋಟ್ ತಗ್ಗಿಸಿ.

ಮೇಲಿನ ಟ್ಯಾಂಕ್ ಇಳಿಯದಿದ್ದರೆ ಸಂಪು ನೋಡಿ. ಮೋಟರ್ ಆಫ್ ಮಾಡಿ, ಒಳಗೆ ನೀರು ಬರುವ ಗೇಟ್ ವಾಲ್ವ್ ಮುಚ್ಚಿ, ಅದೇ ಕೋಲಿನಿಂದ ಮೇಲಿನಿಂದಲೇ ಅಳೆಯಿರಿ. ಸಂಪಿನೊಳಗೆ ಮಾತ್ರ ಇಳಿಯಬೇಡಿ, ಕೆಟ್ಟ ಗಾಳಿಗೆ ಜೀವ ಹೋಗುತ್ತದೆ.

ನಲ್ಲಿಗೆ ಹಾಕುವ ನೀರುಳಿಸುವ ಜಾಲರಿ, ಮೊಬೈಲಿನಲ್ಲಿ ಲೆಕ್ಕ ತೋರಿಸುವ ಮೀಟರ್ ಎಲ್ಲ ಆಮೇಲೆ ನೋಡೋಣ. ಸೋರುತ್ತಿರುವ ಮನೆಗೆ ಅವು ಈಗ ಬೇಡ. ಇವತ್ತು ರಾತ್ರಿಯೇ ಕೋಲು ಇಳಿಸಿ, ಟ್ಯಾಂಕಿನ ಅಡ್ಡಳತೆ ಮತ್ತು ಎರಡೂ ಮಟ್ಟ ಇಲ್ಲಿ ಬರೆಯಿರಿ. ಲೆಕ್ಕ ನಾನು ಮಾಡಿಕೊಡುತ್ತೇನೆ.